ಮೂರು ಭಾಷೆ, ಒಂದು ಕಬ್ಬಿನ ಪಟ್ಟಿ

ಕಂಪ್ಯೂಟರ್ ಇರುವ ಕಚೇರಿಯಲ್ಲಿ ಎಡವಟ್ಟು ನಿಲ್ಲುವುದಿಲ್ಲ. ಯಾವ ಭಾಷೆಯಲ್ಲಿ ಎಡವುತ್ತೀರಿ ಅನ್ನುವುದಷ್ಟೇ ಬೇರೆ.

ತೊಂಬತ್ತರ ದಶಕ. ಕಂಪ್ಲಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಪ್ರೋಗ್ರಾಮರ್. ಯಾರ ಕಬ್ಬು ಯಾವಾಗ ಕಡಿಯಬೇಕು ಎಂಬ ಸರದಿ ಪಟ್ಟಿ ತೆಗೆಯುವುದು ನನ್ನ ಕೆಲಸ. ಸರದಿ ತಪ್ಪಿದರೆ ಕಬ್ಬು ಹೊಲದಲ್ಲೇ ಒಣಗುತ್ತದೆ. ಆ ವರ್ಷ ಮ್ಯಾನೇಜರ್ ಹೇಳಿದ್ದರು: "ಮೂರು ದಿನ ಕೊಡ್ತೀನಿ. ಪಟ್ಟಿ ಸರಿ ಬರ್ಲಿಲ್ಲ ಅಂದ್ರ ಕಂಪ್ಯೂಟರ್ ಗೋದಾಮಿಗೆ, ನೀವಿಬ್ರೂ ಮನಿಗೆ."

ಇನ್ನೊಬ್ಬ ನನ್ನ ಜೊತೆಗಾರ. ನನಗಿಂತ ಬುದ್ಧಿವಂತ. ಅದೇ ತೊಂದರೆ.

೧. ಶೆಲ್

ಕಂಪ್ಯೂಟರಿಗೆ ಕೆಲಸ ಹೇಳಲು ಒಳ್ಳೆಯ ಭಾಷೆ. ಹತ್ತು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಆದರೆ ಪದಗಳ ನಡುವೆ ಜಾಗ ಕಂಡರೆ ಅಲ್ಲೇ ತುಂಡು ಮಾಡುತ್ತದೆ. ನಾನು ಮರೆತಿದ್ದೆ.

ಊರು, ಮನೆತನ, ಅಪ್ಪನ ಹೆಸರು ಎಲ್ಲ ಸೇರಿಸಿ ಬರೆಸಿದ್ದ ರೈತರೊಬ್ಬರಿಗೆ ತುಂಡಿಗೊಂದರಂತೆ ನಾಲ್ಕು ಸರದಿ ಚೀಟಿ ಬಂದವು. ಬರೀ ಹೆಸರು ಬರೆಸಿದವರಿಗೆ ಒಂದೇ. ಗೇಟಿನಲ್ಲಿ ಗದ್ದಲ. ಮಧ್ಯಾಹ್ನ ನನ್ನ ಕಿಟಕಿಯ ಮುಂದೆ ಉದ್ದ ಸಾಲು. ಹೊಡೆತ ಬೀಳುತ್ತದೆ ಎಂದು ಎದ್ದು ನಿಂತೆ.

ಮುಂದಿದ್ದವರು ಮೆಲ್ಲಗೆ ಅಂದರು: "ಹೆದರಬ್ಯಾಡ್ರಿ ಸಾಹೇಬ್ರ. ನನ್ನ ಹೆಸರಿಗೆ ನಮ್ಮ ಮುತ್ತಾತನ ಹೆಸರೂ ಸೇರಿಸ್ರಿ."

೨. ಪರ್ಲ್

ಜೊತೆಗಾರನ ಆಯ್ಕೆ. "ನಿಮ್ಮ ಹತ್ತು ಸಾಲು ನನಗ ಒಂದು ಸಾಲು," ಅಂದ. ನಿಜ. ಆ ಒಂದು ಸಾಲು ಓದಲು ನನಗೆ ಒಂದು ರಾತ್ರಿ ಬೇಕಾಯಿತು.

ಮರುದಿನ ಸರದಿಯಲ್ಲಿ ಎರಡನೇ ನಂಬರಿನ ರೈತರೊಬ್ಬರು ಕಬ್ಬು ಕಡಿಯುವ ಮಚ್ಚು ಹಿಡಿದೇ ಒಳಗೆ ಬಂದರು.

"ಒಂದು, ಹತ್ತು, ನೂರು ಆದ ಮ್ಯಾಲ ಎರಡು ಬರ್ತೈತಿ ಅಂತ ಯಾವ ಸಾಲ್ಯಾಗ ಕಲ್ಸ್ಯಾರ್ರೀ?"

ಜೊತೆಗಾರ ಮಚ್ಚು ನೋಡುತ್ತಲೇ ಹೇಳಿದ: "ಇವು ಸಂಖ್ಯೆ ಅಂತ ಹೇಳದಿದ್ರ ಅದು ಮೊದಲನೇ ಅಂಕಿ ನೋಡ್ತೈತ್ರಿ. ಒಂದರಿಂದ ಶುರುವಾಗೋವು ಎಲ್ಲಾ ಮುಗದ ಮ್ಯಾಲ ಎರಡು."

ಅವರು ಯೋಚಿಸಿದರು. ಮಚ್ಚನ್ನು ಮೇಜಿನ ಮೇಲಿಟ್ಟರು. "ಹಂಗಿದ್ರ ಸಣ್ಣ ನಂಬರಿನ ಮುಂದ ಸೊನ್ನಿ ಇಡ್ರಿ. ಎಲ್ಲಾ ಉದ್ದ ಸಮ ಆಗ್ತಾವು."

ಅವತ್ತು ಕಾರ್ಖಾನೆಯಲ್ಲಿ ಇದ್ದ ಒಬ್ಬರೇ ಪ್ರೋಗ್ರಾಮರ್ ಅವರು.

೩. ಆಕ್

ಇದು ಚುರುಕಿನ ಭಾಷೆಯಲ್ಲ. ಒಂದೊಂದೇ ಸಾಲು ಓದುತ್ತದೆ, ಹೇಳಿದ ಕಾಲಂ ನೋಡುತ್ತದೆ. ಹಳೇ ಗುಮಾಸ್ತನ ಹಾಗೆ. ಅದಕ್ಕೇ ನನಗೆ ಇಷ್ಟ.

"ಮುದುಕರ ಭಾಷಾ," ಅಂದ ಜೊತೆಗಾರ.

"ಕೆಲಸ ನೋಡು," ಅಂದೆ.

ಮೂರನೇ ದಿನ ಪಟ್ಟಿ ಗೇಟಿಗೆ ಅಂಟಿಸಿದೆವು. ಗದ್ದಲವಿಲ್ಲ. ಉಸಿರು ಬಿಡುವಷ್ಟರಲ್ಲಿ ಊರಿನ ದೊಡ್ಡ ಸಾವ್ಕಾರರ ಜೀಪು ಬಂತು. ಕೈಬರಹದ ಪಟ್ಟಿಯಲ್ಲಿ ಪ್ರತಿ ವರ್ಷ ಅವರೇ ಮೊದಲು. ಈಗ ತಮ್ಮ ನಂಬರಿನಂತೆ ಮೂರನೇ ಹಾಳೆಯ ತಳದಲ್ಲಿದ್ದರು. ಸಾವ್ಕಾರರು ಮ್ಯಾನೇಜರರ ಕಿವಿಯಲ್ಲಿ ಏನೋ ಹೇಳಿ ಹೋಗಿ ಜೀಪಿನಲ್ಲಿ ಕೂತರು.

ಮ್ಯಾನೇಜರ್ ನಮ್ಮನ್ನು ಕರೆದು ಬಾಗಿಲು ಹಾಕಿದರು.

"ಪಟ್ಟಿ ಸರಿ ಐತಿ. ಆದ್ರ ಸಾವ್ಕಾರ್ರ ಹೆಸರು ಮ್ಯಾಲ ಬರ್ಬೇಕಂತ. ಇಲ್ಲಾಂದ್ರ ನನ್ನ ಕುರ್ಚಿನೂ ಹೋಗ್ತೈತಿ. ಯಾವ ಭಾಷಾದಾಗ ಬರದ್ರ ಬರ್ತೈತಿ?"

ಒಂದು ತಿಂಗಳಿಂದ ಒಂದು ಮಾತಿಗೂ ಒಪ್ಪದ ನಾವಿಬ್ಬರು ಒಟ್ಟಿಗೇ ಅಂದೆವು: "ಪೆನ್ನಿನಾಗ, ಸರ್."

ಅವರು ಜೇಬಿನಿಂದ ಪೆನ್ನು ತೆಗೆದರು. ಕಿಟಕಿಯಿಂದ ಗೇಟಿನ ಕಡೆ ನೋಡಿದರು. ಒಂದನೇ ನಂಬರಿನ ಅಜ್ಜಿ ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಳು. ಬೆಳಗಿನಿಂದ ತೆಗೆದಿರಲಿಲ್ಲ. ಅವಳ ಹಿಂದೆ ಉಳಿದ ರೈತರೆಲ್ಲ ನಿಂತಿದ್ದರು.

ಮ್ಯಾನೇಜರ್ ಪೆನ್ನಿಗೆ ಕ್ಯಾಪು ಹಾಕಿದರು.

"ಸಾವ್ಕಾರ್ರಿಗೆ ಹೇಳಿ ಬರ್ರಿ," ಅಂದರು. "ಇಂಕ್ ತೀರೇತಿ ಅಂತ."