ಬನಿಯನ್ ತಿಂದ ಹಿತ್ತಲು

ಊರಲ್ಲಿ ಇಷ್ಟೊಂದು ಕೆಲಸ ಬಾಕಿ ಬಿದ್ದಿರುವಾಗ ಪುರಸಭೆಯ ಕಣ್ಣು ನನ್ನ ಬನಿಯನ್ನಿನ ಮೇಲೇ ಏಕೆ ಬಿತ್ತೋ, ನಾನರಿಯೆ.

ಮಣ್ಣು ಉಳಿಸಿ, ಹೊಲ ಉಳಿಸಿ ಎಂದು ಜನರಿಗೆ ತಿಳಿಹೇಳಲು ಅವರೊಂದು ಸ್ಪರ್ಧೆ ಇಟ್ಟಿದ್ದರು. ಪ್ರತಿ ಮನೆಯವರೂ ಒಂದು ಹತ್ತಿ ಬಟ್ಟೆಯನ್ನು ಹಿತ್ತಲಲ್ಲಿ ಹೂತು, ಎರಡು ತಿಂಗಳಾದ ಮೇಲೆ ತೆಗೆದು ನೋಡಬೇಕು. ಬಟ್ಟೆ ಕರಗಿದ್ದರೆ ಮಣ್ಣಿಗೆ ಜೀವವಿದೆ. ಹಾಗೇ ಇದ್ದರೆ ಮಣ್ಣು ಸತ್ತಿದೆ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನಮ್ಮ ಹಿತ್ತಲಿಗೆ ಸಿಮೆಂಟ್ ಬಳಿಸಿ, ಕುರ್ಚಿ ಹಾಕಿಕೊಂಡು ಕೂರಬೇಕೆಂಬುದು ನನ್ನ ಬಹುಕಾಲದ ಆಸೆ. ಅದಕ್ಕೆ ಅಡ್ಡ ನಿಂತವಳು ನನ್ನ ಧರ್ಮಪತ್ನಿ.

“ಸತ್ತ ಮಣ್ಣು ಕಣೇ ಇದು,” ಎಂದೆ.

“ನಾಡಿ ಹಿಡಿದು ನೋಡಿದ್ರಾ?”

“ಪುರಸಭೆಯೇ ನೋಡ್ಲಿ. ಬಟ್ಟೆ ಕರಗ್ಲಿಲ್ಲ ಅಂದ್ರೆ ಸಿಮೆಂಟು. ಆಯ್ತಾ?”

“ಆಯ್ತು. ಕರಗಿದ್ರೆ ಈ ಜನ್ಮದಲ್ಲಿ ಸಿಮೆಂಟಿನ ಮಾತು ಎತ್ತಕೂಡದು. ನೀವು ಹಾಕ್ಕೊಂಡಿರೋ ಬನಿಯನ್ನೇ ಬಿಚ್ಚಿಕೊಡಿ. ಹೇಗೂ ಅರ್ಧ ಕರಗಿದೆ.”

ಆ ಮೋಸ ನನ್ನೆದುರು ನಡೆಯದು. ಗಟ್ಟಿಮುಟ್ಟಾದ ಹೊಚ್ಚ ಹೊಸ ಬನಿಯನ್ನನ್ನೇ ತೆಗೆದುಕೊಟ್ಟೆ. ಇಬ್ಬರೂ ಸೇರಿ ಹೂತೆವು.

(ಆ ಸಂತೋಷದಲ್ಲಿ ಇವಳು ತಮ್ಮನಿಗೆ ಫೋನ್ ಮಾಡಿ, “ಬೆಳಿಗ್ಗೆ ನಮ್ಮನೆಯವರದ್ದು ಮಣ್ಣು ಮಾಡಿದ್ವಿ ಕಣೋ” ಎಂದಳಂತೆ. ಮಧ್ಯಾಹ್ನ ಅಳುತ್ತಾ ಬಂದ ಭಾಮೈದ, ಬಾಗಿಲು ತೆರೆದ ನನ್ನನ್ನು ಕಂಡು ಕಿಟಾರನೆ ಕಿರುಚಿದ. ಹೂತದ್ದು ನನ್ನನ್ನಲ್ಲ, ಬನಿಯನ್ನನ್ನು ಎಂದು ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು.)

ಸುಮ್ಮನಿದ್ದಿದ್ದರೆ ನಾನೇ ಗೆಲ್ಲುತ್ತಿದ್ದೆನೇನೋ. ಆದರೆ ನಾನು ಗಡಿಯಾರ ರಿಪೇರಿಯವನು. ಮುಚ್ಚಿದ್ದನ್ನು ಬಿಚ್ಚಿ ನೋಡದಿದ್ದರೆ ತಿಂದದ್ದು ಅರಗುವುದಿಲ್ಲ. ಸಾಲದ್ದಕ್ಕೆ ಇವಳು ದಿನ ಬೆಳಗಾದರೆ, “ರೀ, ಅದನ್ನ ಮಾತ್ರ ಕೆದಕಬೇಡಿ!” ಎನ್ನುತ್ತಿದ್ದಳು. ಕೆದಕಬೇಡಿ ಎಂದ ಮೇಲೂ ಕೆದಕದಿರಲು ನಾನೇನು ಋಷಿಯೇ?

ಅವಳು ಸ್ನಾನಕ್ಕೆ ಹೋದಾಗ ಅಗೆದೆ. ಬನಿಯನ್ ಅಂಗಡಿಯಿಂದ ಈಗ ತಂದಂತಿತ್ತು. ಹಿಗ್ಗಿಹೋದೆ. ಗುರುತು ಸಿಗಬಾರದೆಂದು ಹೆಂಟೆಗಳನ್ನು ಪುಡಿ ಮಾಡಿ ಮುಚ್ಚಿ, ಮೇಲೆ ನೀರು ಚಿಮುಕಿಸಿದೆ. ಮುಂದಿನ ಸಲ ಅಗೆದಾಗ ಒಂದು ತೂತು ಕಂಡಿತು! ಯಾರ ಕೆಲಸವಿದು? ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಬೋರಲು ಮಲಗಿದೆ. ಎರೆಹುಳುವೊಂದು ನನ್ನ ಬನಿಯನ್ನಿನ ತೋಳಿನಿಂದ ತನ್ನ ಸ್ವಂತ ಮನೆಯೆಂಬಂತೆ ಹೊರಬಂತು. ಕೂದಲಿಗಿಂತ ಸಣ್ಣ ಬಿಳಿ ಎಳೆಗಳು, ಸಾಸಿವೆಗಿಂತ ಚಿಕ್ಕ ಹುಳಗಳು, ಎಲ್ಲಕ್ಕೂ ಏನೋ ಅರ್ಜೆಂಟು. ಇಷ್ಟು ವರ್ಷ ಕಾಲು ತೊಳೆದುಕೊಂಡ ಜಾಗದ ಕೆಳಗೆ ಇಂಥದೊಂದು ಕಾರ್ಖಾನೆ ನಡೆಯುತ್ತಿತ್ತೆಂದು ನನಗೆ ತಿಳಿದೇ ಇರಲಿಲ್ಲ. ಆಮೇಲಂತೂ ಗಿರಾಕಿಗಳ ಗಡಿಯಾರಗಳು ಅಂಗಡಿಯಲ್ಲಿ ನಿಂತೇ ಇದ್ದವು. ನಾನು ಹಿತ್ತಲಲ್ಲಿ ಮಲಗಿರುತ್ತಿದ್ದೆ. ಅಗೆಯುವುದು, ನೋಡುವುದು, ಮುಚ್ಚುವುದು, ನೀರು ಚಿಮುಕಿಸುವುದು.

ಫಲಿತಾಂಶದ ದಿನ ಪುರಸಭೆಯ ಮಣ್ಣಿನ ಅಧಿಕಾರಿ ಮೇಡಂ ಬಂದರು. ಅಗೆದಾಗ ಸಿಕ್ಕಿದ್ದು ಬನಿಯನ್ನಿನ ಚೀಟಿ ಮತ್ತು ಹೊಲಿಗೆಯ ನಾಲ್ಕು ದಾರ ಮಾತ್ರ.

ಮೇಡಂ ಒಂದು ಹಿಡಿ ಮಣ್ಣೆತ್ತಿ ಮೂಸಿದರು. “ಈ ಬೀದೀಲಿ ಇಷ್ಟು ಕರಗಿರೋದು ಇದೊಂದೇ. ಯಾರೋ ಕೆದಕಿ ಕೆದಕಿ ಗಾಳಿ ಆಡಿಸಿ, ನೀರು ಹಾಕಿದಾರೆ. ಅದಕ್ಕೇ ಇಷ್ಟು ಬೇಗ ಕರಗಿದೆ. ಯಾರಮ್ಮಾ ನೋಡ್ಕೊಂಡಿದ್ದು?”

“ಇವರೇ ಮೇಡಂ. ಸ್ವಂತ ಮಗು ಥರ.”

ನಾನು ಅವಳ ಕಿವಿಯಲ್ಲಿ, “ನಿನಗೆ ಗೊತ್ತಿತ್ತೇನೇ?” ಎಂದೆ.

“ಮತ್ತೆ? ಕೆದಕಿ ಅಂದಿದ್ರೆ ನೀವು ಕೆದಕ್ತಿದ್ರಾ?”

ಬನಿಯನ್ನನ್ನು ಮಣ್ಣು ತಿಂದಿತು. ಮಣ್ಣು ಮುಕ್ಕಿದವನು ನಾನು. ನಿಜ ಹೇಳಬೇಕೆಂದರೆ ಸೋತದ್ದಕ್ಕೆ ಅಷ್ಟೇನೂ ದುಃಖವಾಗಲಿಲ್ಲ. ಆ ಎರೆಹುಳುವಿನ ಮೇಲೆ ಸಿಮೆಂಟ್ ಸುರಿಯುವುದು ಹೇಗೆಂದು ನನಗೂ ಒಳಗೊಳಗೇ ಸಂಕಟವಾಗತೊಡಗಿತ್ತು.

ಮೇಡಂ ನನ್ನ ಎದೆಗೊಂದು ಬಿಲ್ಲೆ ಚುಚ್ಚಿದರು: ‘ಮಣ್ಣಿನ ಮಿತ್ರ’. “ಇನ್ಮೇಲೆ ಹಿತ್ತಲಿಗೆ ಸಿಮೆಂಟ್ ಹಾಕಬೇಡಿ ಅಂತ ಈ ಬೀದಿಯವರಿಗೆಲ್ಲ ತಿಳಿಹೇಳೋ ಜವಾಬ್ದಾರಿ ನಿಮ್ದು.”

ಅಷ್ಟರಲ್ಲಿ ಗೇಟಿನ ಮುಂದೆ ಗಾಡಿ ನಿಂತಿತು. ಗೆಲುವು ನನ್ನದೇ ಎಂದು ನಂಬಿದ್ದ ದಿನಗಳಲ್ಲಿ ನಾನೇ ಗುಟ್ಟಾಗಿ ಬರಹೇಳಿದ್ದ ಗಾರೆಯವನು, ಸಿಮೆಂಟ್ ಮೂಟೆ ಹೊತ್ತು ಒಳಗೆ ಬಂದ. “ಸಾರ್, ಹೇಳಿದ ದಿನಕ್ಕೆ ಬಂದಿದೀನಿ ನೋಡಿ. ಎಲ್ಲಿಂದ ಶುರು ಮಾಡ್ಲಿ?”

ಮೇಡಂ ಬಿಲ್ಲೆಯನ್ನು ನೋಡಿದರು, ಆಮೇಲೆ ಮೂಟೆಯನ್ನು. ನಾನು ಗಂಟಲು ಸರಿಮಾಡಿಕೊಂಡು, “ನೋಡಪ್ಪಾ, ಮಣ್ಣಿಗೂ ಜೀವ ಇದೆ...” ಎಂದು ಶುರುಮಾಡಿದೆ.

“ಸ್ವಲ್ಪ ಜೋರಾಗಿ ಹೇಳ್ರೀ,” ಎಂದಳು ನನ್ನವಳು, ನಾನು ಕೂರಬೇಕೆಂದಿದ್ದ ಕುರ್ಚಿಯನ್ನು ಎಳೆದುಕೊಂಡು ಕೂರುತ್ತಾ.