ಐಸ್‌ಲ್ಯಾಂಡಿನ ಅಧಿಕೃತ ಪ್ರತಿನಿಧಿ

ಚೀನಾದ ಈ ನಮ್ಮ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ದೇಶಗಳ ವಿದ್ಯಾರ್ಥಿಗಳು ಓದುತ್ತಿದ್ದಾರೆ. ಇವರೆಲ್ಲರೂ ಹನ್ನೊಂದು ದೇಶಗಳಿಂದ ಬಂದವರು. ಈ ಎರಡೂ ಸಂಗತಿಗಳನ್ನು ವಿದೇಶಿ ವಿದ್ಯಾರ್ಥಿಗಳ ಕಚೇರಿ ಮೊಹರು ಒತ್ತಿ ದೃಢಪಡಿಸಿದೆ. ಮೊಹರು ಒತ್ತಿದ ಗುಮಾಸ್ತ ನಾನೇ ಆದ್ದರಿಂದ ಸಂದೇಹಕ್ಕೆ ಆಸ್ಪದವಿಲ್ಲ.

ಕಳೆದ ವಸಂತದಲ್ಲಿ ಪ್ರಾಂತ್ಯದ ಪರಿಶೀಲನಾ ಸಮಿತಿಯೊಂದು ಬರುವುದೆಂದು ಸುದ್ದಿಯಾಯಿತು. ಇಪ್ಪತ್ತೈದು ದೇಶಗಳಿದ್ದ ಕಡೆ ‘ಪ್ರಥಮ ದರ್ಜೆಯ ಅಂತರರಾಷ್ಟ್ರೀಯ ಆವರಣ’ ಎಂಬ ಹಿತ್ತಾಳೆ ಫಲಕ ಕೊಡುತ್ತಾರಂತೆ. ನಮ್ಮ ನಿರ್ದೇಶಕಿ ಔಯಾಂಗ್ ಮೇಡಂ ಆರು ವರ್ಷದಿಂದ ಬಡ್ತಿಗೆ ಕಾದವರು. ಅಂದೇ ನನ್ನಿಂದ ಸೂಚನೆ ಬರೆಸಿದರು:

“ವಿಶ್ವ ಸಂಸ್ಕೃತಿ ದಿನದಂದು ಪ್ರತಿ ದೇಶಕ್ಕೂ ಒಂದು ಮಳಿಗೆ, ಒಂದು ನೃತ್ಯ ಇರತಕ್ಕದ್ದು. ಖಾಲಿ ಇರುವ ಹದಿನಾಲ್ಕು ದೇಶಗಳನ್ನು ಹಾಲಿ ವಿದ್ಯಾರ್ಥಿಗಳಿಗೆ ಹಂಚಲಾಗಿದೆ. ಹಂಚಿಕೆಯಾದ ದೇಶವನ್ನು ನಿರಾಕರಿಸುವಂತಿಲ್ಲ, ತಮ್ಮತಮ್ಮಲ್ಲಿ ಬದಲಾಯಿಸಿಕೊಳ್ಳುವಂತೆಯೂ ಇಲ್ಲ. ಸ್ವಂತ ದೇಶದ ನೆನಪು ಬಂದವರು ಕಾರ್ಯಕ್ರಮ ಮುಗಿದ ನಂತರ ನೆನಪಿಸಿಕೊಳ್ಳಬಹುದು.”

ಜಾಂಬಿಯಾದಿಂದ ಒಂದು ವರ್ಷದ ವಿನಿಮಯದ ಮೇಲೆ ಫೆಬ್ರವರಿಯಲ್ಲಿ ಬಂದಿದ್ದ ಚಿಲೂಫ್ಯಾ ಎಂಬ ಹುಡುಗಿಗೆ ಐಸ್‌ಲ್ಯಾಂಡ್ ಬಂತು. ಅವಳು ಕೃಷಿ ಓದುವವಳು. ಆವರಣದ ಹಿಂದಿನ ಗಾಜಿನ ಮನೆಯಲ್ಲಿ ನಲವತ್ತು ಕುಂಡಗಳಲ್ಲಿ ಹುರುಳಿ ಬೆಳೆಸಿದ್ದಳು. ದಿನಾ ಸಂಜೆ ನಾಲ್ಕಕ್ಕೆ ನೀರು ಹಾಕಿ, ಅಳೆದು, ಬರೆದುಕೊಳ್ಳಬೇಕು. ಆ ಲೆಕ್ಕ ಪೂರ್ತಿಯಾದರೆ ಮಾತ್ರ ಅವಳ ಊರಿನ ಕಾಲೇಜು ಈ ವರ್ಷವನ್ನು ವರ್ಷವೆಂದು ಒಪ್ಪುತ್ತದೆ. ನೃತ್ಯದ ತಾಲೀಮು ಕೂಡ ಸಂಜೆ ನಾಲ್ಕಕ್ಕೇ ಇತ್ತು.

ಅವಳು ಕಚೇರಿಗೆ ಬಂದಳು.

“ಮೇಡಂ, ನಾನು ಹಿಮ ನೋಡಿದವಳೇ ಅಲ್ಲ. ನನಗೆ ಜಾಂಬಿಯಾನೇ ಕೊಡಿ.”

“ಜಾಂಬಿಯಾಕ್ಕೆ ಆಗ್ಲೇ ಒಬ್ಬ ಹುಡುಗ ಇದಾನಲ್ಲಮ್ಮ. ಒಂದು ದೇಶಕ್ಕೆ ಇಬ್ಬಿಬ್ಬರು ಯಾಕೆ, ದಂಡ.”

“ಹಂಗಾದ್ರೆ ನನ್ನ ಗಿಡಗಳಿಗೆ ನೀರು ಯಾರು ಹಾಕ್ತಾರೆ?”

“ಗಿಡಗಳು ನಮ್ಮ ಕಚೇರಿ ವ್ಯಾಪ್ತಿಗೆ ಬರಲ್ಲ. ತಾಲೀಮಿಗೆ ಬರದಿದ್ರೆ ನಿನ್ನ ಮುಕ್ತಾಯ ಪತ್ರ ಬರಲ್ಲ. ಮುಖ ಬಾಡಿದೆ ನೋಡು, ಸ್ವಲ್ಪ ಬಿಸಿನೀರು ಕುಡಿ.”

ನಾನು ಬಿಸಿನೀರು ಕೊಟ್ಟೆ. ನಮ್ಮ ಕಚೇರಿಗೆ ಬಂದ ಯಾವ ಅಹವಾಲೂ ಬಿಸಿನೀರಿಲ್ಲದೆ ಹಿಂದಿರುಗಿದ್ದಿಲ್ಲ.

ಐಸ್‌ಲ್ಯಾಂಡಿನವರು ಹೇಗೆ ಕುಣಿಯುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಚಳಿ ಹೆಚ್ಚಾದ್ದರಿಂದ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಕಾಲು ಕುಟ್ಟುತ್ತಾರೆಂದು ಔಯಾಂಗ್ ಮೇಡಂ ತೀರ್ಮಾನಿಸಿದರು. ನೃತ್ಯಕ್ಕೆ ಮೂರು ಪ್ರತಿಗಳಲ್ಲಿ ಅನುಮೋದನೆ ದೊರೆಯಿತು. ಹತ್ತಿ ತುಂಬಿದ ಬಿಳಿ ಕೋಟು, ತುಪ್ಪಳದ ಟೋಪಿ ಕೊಟ್ಟೆವು. ಆಗ ಮೇ ತಿಂಗಳು, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಹಾಸ್ಟೆಲ್ಲಿನ ಬಾಗಿಲು ಕಾಯುವ ಲ್ವೊ ಚಿಕ್ಕಮ್ಮ ಅವಳನ್ನು ತಡೆದು ಕೇಳಿದಳಂತೆ:

“ರಜಾಯಿ ಹೊದ್ಕೊಂಡು ಎಲ್ಲಿಗೆ ಹೊರಟ್ಯೇ?”

“ಐಸ್‌ಲ್ಯಾಂಡಿಗೆ, ಚಿಕ್ಕಮ್ಮ.”

“ಹತ್ತೂವರೆಗೆ ಬಾಗ್ಲು ಹಾಕ್ತೀನಿ. ಅಷ್ಟರೊಳಗೆ ಬಂದ್ಬಿಡು.”

ತಾಲೀಮು ಹನ್ನೆರಡು ದಿನ ನಡೆಯಿತು. ಗಿಡಗಳಿಗೆ ನೀರು ಹಾಕಲು ಚಿಲೂಫ್ಯಾ ಗಾಜಿನ ಮನೆಯ ಕಾವಲುಗಾರನನ್ನು ಬೇಡಿದಳು. ಅವನು ಕೃಷಿ ವಿಭಾಗದ ಚೀಟಿ ಕೇಳಿದ. ಕೃಷಿ ವಿಭಾಗದವರು ನಮ್ಮ ಚೀಟಿ ಕೇಳಿದರು. ನಮ್ಮಲ್ಲಿ ಅಂಥ ಚೀಟಿಯ ನಮೂನೆ ಇಲ್ಲ. ತಾಲೀಮು ಬಿಟ್ಟ ಮೇಲೆ ಹೋದರೆ ಗಾಜಿನ ಮನೆಗೆ ಬೀಗ ಬಿದ್ದಿರುತ್ತಿತ್ತು, ಬೆಳಿಗ್ಗೆ ತರಗತಿ. ಒಂಬತ್ತನೆಯ ದಿನ ತಾಲೀಮಿನ ನಡುವೆ ತಪ್ಪಿಸಿಕೊಂಡು ಕೋಟಿನಲ್ಲೇ ಓಡಿದಳು. ತಿರುಗಿ ಬಂದಾಗ ಕೈಯಲ್ಲಿ ಒಂದು ಕುಂಡವಿತ್ತು. ಅದನ್ನು ನನ್ನ ಮೇಜಿನ ಮೇಲೆ ಇಟ್ಟಳು. ಗಿಡ ಸುಟ್ಟ ಬತ್ತಿಯ ಹಾಗೆ ಮುದುಡಿತ್ತು.

“ಇದಕ್ಕೂ ಒಂದು ಮೊಹರು ಒತ್ತಿ, ಅಣ್ಣ,” ಅಂದಳು. ಅಳಲಿಲ್ಲ. ನನ್ನನ್ನೇ ನೋಡುತ್ತ ನಿಂತಳು.

ಹಾಜರಿ ಪುಸ್ತಕ ಒದ್ದೆಯಾಯಿತೇ ಎಂದು ನೋಡಿದೆ. ಆಗಿರಲಿಲ್ಲ. ಮಣ್ಣು ಪೂರ್ತಿ ಒಣಗಿತ್ತು.

ಸಮಿತಿ ಬಂದ ದಿನ ಇಪ್ಪತ್ತೈದು ಮಳಿಗೆಗಳೂ ಸಿದ್ಧವಿದ್ದವು. ಅಧ್ಯಕ್ಷರು ಐಸ್‌ಲ್ಯಾಂಡಿನ ಮುಂದೆ ನಿಂತರು.

“ನಿಮ್ ದೇಶದಲ್ಲಿ ಏನು ಊಟ ಮಾಡ್ತೀರಮ್ಮ?”

ಚಿಲೂಫ್ಯಾ ಟೋಪಿ ತೆಗೆದಳು. “ಮೆಕ್ಕೆಜೋಳದ ಮುದ್ದೆ, ಸರ್. ನಾನು ಜಾಂಬಿಯಾದವಳು. ಇವ್ರು ನನಗೆ ಕೋಟು ತೊಡಿಸಿ ಕುಣಿಸಿದ್ರು, ಅಷ್ಟರಲ್ಲಿ ನನ್ನ ನಲವತ್ತು ಗಿಡ ಸತ್ತೋದ್ವು.”

ಅವಳ ಚೀನಿ ಸ್ಪಷ್ಟವಾಗಿತ್ತು. ಔಯಾಂಗ್ ಮೇಡಂ ನೆಲ ನೋಡಿದರು. ಅಧ್ಯಕ್ಷರು ಕೊಂಚ ಯೋಚಿಸಿ ಕಾರ್ಯದರ್ಶಿಯ ಕಡೆ ತಿರುಗಿದರು.

“ಬರ್ಕೊಳ್ಳಿ. ಐಸ್‌ಲ್ಯಾಂಡಿನ ವಿದ್ಯಾರ್ಥಿನಿಗೆ ಆಫ್ರಿಕಾದ ವಿಚಾರವೂ ಚೆನ್ನಾಗಿ ಗೊತ್ತು. ಬೇಸಾಯದಲ್ಲೂ ಆಸಕ್ತಿ ಇದೆ. ತುಂಬಾ ಸಂತೋಷ.”

ಆ ಮಳಿಗೆಗೆ ಪೂರ್ಣ ಅಂಕ ಬಂತು. ಫಲಕವೂ ಬಂತು. ಔಯಾಂಗ್ ಮೇಡಂಗೆ ಬಡ್ತಿಯಾಯಿತು.

ಬಡ್ತಿಯಾದವರ ಮನಸ್ಸು ದೊಡ್ಡದಾಗುತ್ತದೆ. ಮೇಡಂ ಚಿಲೂಫ್ಯಾಳನ್ನು ಕರೆಸಿದರು.

“ನಿನ್ನ ಗಿಡ ಎಷ್ಟುದ್ದ ಬೆಳೀಬೇಕಿತ್ತಮ್ಮ?”

“ಬದುಕಿದ್ದಿದ್ರೆ ಮೂವತ್ತು ಸೆಂಟಿಮೀಟರ್ ಆಗ್ತಿತ್ತೇನೋ.”

“ಮೂವತ್ತೆರಡು ಅಂತ ಬರಿಯಪ್ಪ,” ಎಂದು ನನಗೆ ಹೇಳಿದರು. ನಲವತ್ತು ಗಿಡಗಳು ಸರಾಸರಿ ಮೂವತ್ತೆರಡು ಸೆಂಟಿಮೀಟರ್ ಬೆಳೆದಿವೆ ಎಂದು ಕಚೇರಿ ಪ್ರಮಾಣೀಕರಿಸಿತು. ಸತ್ತ ಗಿಡಗಳನ್ನು ತಾವೇ ತಿಪ್ಪೆಗೆ ಹಾಕಿಸಿದ್ದ ಕೃಷಿ ಪ್ರಾಧ್ಯಾಪಕರು ಆ ಪತ್ರ ಓದಿ, ಇಳುವರಿ ಚೆನ್ನಾಗಿದೆ ಎಂದು ಸಹಿ ಮಾಡಿದರು.

ಚಿಲೂಫ್ಯಾ ಅದನ್ನು ಎರಡು ಸಲ ಓದಿದಳು. “ನಮ್ಮಮ್ಮ ಬೇಸಾಯದವಳು. ಇದನ್ನ ತೋರಿಸಿದ್ರೆ ಆ ಬೀಜ ತಂದಿದೀಯಾ ಅಂತ ಕೇಳ್ತಾಳೆ,” ಅಂದಳು. ಆಮೇಲೆ ಮಡಿಚಿ ಚೀಲದಲ್ಲಿಟ್ಟುಕೊಂಡಳು. ಬೇರೆ ದಾರಿ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಆರ್ನಿ ಎಂಬ ಹುಡುಗ ಐಸ್‌ಲ್ಯಾಂಡಿನಿಂದ ಬಂದ. ಕಚೇರಿಗೆ ಮುಜುಗರವಾಯಿತು.

“ಐಸ್‌ಲ್ಯಾಂಡ್ ಭರ್ತಿಯಾಗಿದೆ ಕಣಪ್ಪ. ಪೆರು ಖಾಲಿ ಇದೆ, ತಗೋ,” ಎಂದರು ಮೇಡಂ.

“ನಾನು ಹುಟ್ಟಿದ್ದೇ ಅಲ್ಲಿ, ಮೇಡಂ.”

“ಯಾರು ಇಲ್ಲ ಅಂದ್ರು? ನೀನು ತಡವಾಗಿ ಬಂದಿದೀಯ, ಅಷ್ಟೆ.”

ಹಾಸ್ಟೆಲ್ ಕೋಣೆಯ ಕೀಲಿ ಬೇಕಾಗಿದ್ದರಿಂದ ಅವನು ಪೆರು ಪಡೆದು ಸಹಿ ಹಾಕಿದ. ಅಕ್ಟೋಬರಿನ ಸಮಾರಂಭಕ್ಕೆ ಐಸ್‌ಲ್ಯಾಂಡಿನ ನೃತ್ಯವನ್ನು ಗುಂಪಿನಲ್ಲಿ ಮಾಡಿಸಬೇಕೆಂದು ಆದೇಶವಾದಾಗ ಅವನನ್ನು ಹಿಂದಿನ ಸಾಲಿಗೆ ಹಾಕಿದೆವು. ಕಲಿಸುವವಳು ಚಿಲೂಫ್ಯಾ.

“ಹಂಗಲ್ಲ ತಮ್ಮ, ಕೈ ಕಂಕುಳಲ್ಲಿಟ್ಕೊ,” ಅಂದಳು.

“ನಮ್ಮಲ್ಲಿ ಯಾರೂ ಹಿಂಗೆ ಕುಣಿಯಲ್ಲ, ಅಕ್ಕ.”

“ಗೊತ್ತು. ನಮ್ಮಲ್ಲೂ ಕುಣಿಯಲ್ಲ. ಎಡಗಾಲು ಮೊದಲು.”

ಆರ್ನಿ ಕೈ ಕಂಕುಳಲ್ಲಿಟ್ಟುಕೊಂಡ. ಆಮೇಲೆ ಎಡಗಾಲು ಕುಟ್ಟಿದ. ವಾರದೊಳಗೆ ಚೆನ್ನಾಗಿಯೇ ಕಲಿತ. ಪೆರುವಿನವನಾದರೂ ಪರವಾಗಿಲ್ಲ ಎಂದು ಮೇಡಂ ಮೆಚ್ಚಿಕೊಂಡರು.