ರೋಗದ ಗಿಡ ಬೇಕಾಗಿದೆ

ವಾರವಿಡೀ ಜ್ವರದಲ್ಲಿ ಮಲಗಿದ್ದು ಕೆಲಸಕ್ಕೆ ಮರಳಿದ ಮೂಲಂಗಿ ಮೇಷ್ಟ್ರು, ಪ್ರಯೋಗಾಲಯದ ಗಾಜಿನ ಮನೆಯ ಬಾಗಿಲಲ್ಲೇ ಎದೆ ಹಿಡಿದುಕೊಂಡು ನಿಂತುಬಿಟ್ಟರು. ಒಳಗೆ ಸೌತೆ ಬಳ್ಳಿಗಳೆಲ್ಲ ನಳನಳಿಸುತ್ತಿದ್ದವು.

ನಳನಳಿಸಬಾರದಿತ್ತು. ಬೂಷ್ಟು ಹಿಡಿಯದಿರಲೆಂದು ಮೂಲಂಗಿ ಬೀಜ ತನ್ನೊಳಗೇ ತಯಾರಿಸಿಕೊಳ್ಳುವ ಪೆಪ್ಟೈಡ್ ಎಂಬ ಪುಟಾಣಿ ಪ್ರೋಟೀನನ್ನು ಬೇರ್ಪಡಿಸಿ, ಬೆಳೆಗೆ ಸಿಂಪಡಿಸುವ ಔಷಧ ಮಾಡಿದ್ದರು ಅವರು. ಅಡ್ಡಹೆಸರು ಅಂಟಿಕೊಂಡದ್ದೂ ಅದರಿಂದಲೇ. ಎಡಗಡೆಯ ಸಾಲಿಗೆ ಔಷಧ, ಬಲಗಡೆಯದಕ್ಕೆ ಬರೀ ನೀರು. ಬಲಗಡೆಯ ಎಲೆಗಳು ಬೂದಿ ರೋಗ ಬಂದು ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಾದರೆ ತಾನೇ ಔಷಧದ ಮಹಿಮೆ ತಿಳಿಯುವುದು? ಅದನ್ನು ತೋರಿಸಲು ನಿರ್ದೇಶಕರು ಇವತ್ತು ಮಧ್ಯಾಹ್ನವೇ ರೈತರನ್ನು ಕರೆತರುವವರಿದ್ದರು.

"ಆ ಕಡೆಯವು ಸೊರಗಿ ಹೋಗಿದ್ವು, ಪಾಪ," ಎಂದರು ಕ್ಯಾಂಟೀನಿನ ಅಜ್ಜಿ. "ನೀನು ಬೇರೆ ಮಲಗಿದ್ದೆ. ಕೆಟ್ಟ ಎಲೆ ಕಿತ್ತು, ನಿನ್ನ ಬಾಟ್ಲಿ ಔಷಧಾನ ನಾನೇ ದಿನಾ ಹೊಡೆದೆ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಮಾಡ್ಬಾರ್ದು ಕಣಪ್ಪಾ!"

ಬೈಯುತ್ತ ಕೂರಲು ಹೊತ್ತಿರಲಿಲ್ಲ. ಮೇಷ್ಟ್ರು ರೋಗದ ಬಳ್ಳಿ ಹುಡುಕುತ್ತ ಬೀದಿಗಿಳಿದರು.

"ನಿಮ್ಮ ಸೌತೆಗೆ ರೋಗ ಇದೆಯೇನಮ್ಮಾ?"

"ರೋಗ ನಿಮ್ಮನೆ ಗಿಡಕ್ಕೆ ಬರ್ಲಿ!" ಮೊದಲ ಮನೆಯಾಕೆ ಬಾಗಿಲು ಬಡಿದಳು.

ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್, "ಗಿಡ ಚೆನ್ನಾಗಿದೆ. ನನಗೆ ಮಂಡಿನೋವಿದೆ, ನಾನು ಬಂದ್ರೆ ಆಗುತ್ತಾ?" ಎನ್ನುತ್ತ ಚಪ್ಪಲಿ ಮೆಟ್ಟಿದರು. ಮೇಷ್ಟ್ರು ಕಾಲಿಗೆ ಬುದ್ಧಿ ಹೇಳಿದರು.

ಬೆವರಿಳಿಸಿಕೊಂಡು ವಾಪಸಾದಾಗ, ವಿಷಯ ಕಿವಿಗೆ ಬಿದ್ದಿದ್ದ ಗೇಟಿನ ಕಾವಲುಗಾರ ಗೋಣಿಚೀಲ ಸರಿಸಿ ಒಂದು ಕುಂಡ ತೋರಿಸಿದ. ಬಳ್ಳಿಗೆ ಬೂದಿ ಬಡಿದು, ಹಸಿರು ಹುಡುಕಿದರೂ ಸಿಗುವಂತಿರಲಿಲ್ಲ.

"ಎಲ್ಲಿ ಸಿಕ್ತು ಮಾರಾಯ?"

"ನಿಮಗೆ ರೋಗ ಬೇಕೋ, ವಿಳಾಸ ಬೇಕೋ ಸಾರ್?"

ರೋಗ ಸಾಕಿತ್ತು.

ರೈತರು ಬಂದರು. ಮೇಷ್ಟ್ರಿಗೆ ಹುರುಪು ಏರಿತು. "ಔಷಧ ಕಾಣದ ಬಳ್ಳಿ ಗತಿ ನೋಡಿ! ಸಾಕಿದೋರಿಗೆ ಎಲೆ ತಿರುಗಿಸಿ ನೋಡೋವಷ್ಟೂ ಪುರುಸೊತ್ತು ಇಲ್ಲದಿದ್ರೆ ಹೀಗೇ ಆಗೋದು!"

ರೈತರು ತಲೆದೂಗಿದರು, ಚಪ್ಪಾಳೆಯೂ ಬಿತ್ತು. ನಿರ್ದೇಶಕರು ಮಾತ್ರ ಕುಂಡದ ಮೇಲೆ ಬರೆದಿದ್ದ ನೀಲಿ ಹೂಗಳನ್ನೇ ದಿಟ್ಟಿಸುತ್ತಿದ್ದರು. ರೈತರೆಲ್ಲ ಚಹಾಕ್ಕೆ ಹೊರಟ ಮೇಲೆ ಮೇಷ್ಟ್ರ ಭುಜದ ಮೇಲೆ ಕೈಯಿಟ್ಟರು.

"ಈ ಹೂ ಬರೆದೋಳು ನನ್ನ ಹೆಂಡ್ತಿ. ಕುಂಡ ಕಳುವಾಗಿದೆ ಅಂತ ಬೆಳಗ್ಗೆಯಿಂದ ಮನೆ ರಣರಂಗ ಆಗಿದೆ."

ಮೇಷ್ಟ್ರು ಮೆಲ್ಲನೆ ಕುಂಡಕ್ಕೆ ಅಡ್ಡ ನಿಂತರು.

"ಹೆದರ್ಬೇಡಿ ಮೇಷ್ಟ್ರೇ, ಔಷಧ ಬಹಳ ಚೆನ್ನಾಗಿದೆ. ಮನೇಲಿ ಇಂಥ ಕುಂಡ ಸಾಲುಸಾಲಾಗಿವೆ. ಇನ್ಮೇಲೆ ಪ್ರತಿ ಭಾನುವಾರ ಪಂಪು ತಗೊಂಡು ಬಂದ್ಬಿಡಿ," ಎಂದರು ನಿರ್ದೇಶಕರು. "ಆ ಪುರುಸೊತ್ತಿನ ವಿಷಯಾನೂ ಅವಳಿಗೆ ನೀವೇ ಹೇಳಿ. ನನಗೆ ಅಷ್ಟು ಧೈರ್ಯ ಇಲ್ಲ."